ಚಾಂದಮಾರಿಯ ಸೊನ್ನೆ ಬಂಡೆ

ಇದು ನಡೆದದ್ದು ಸಾವಿರದ ಎಂಟುನೂರ ಎಪ್ಪತ್ತಮೂರನೆಯ ಇಸವಿಯ ಮಾಘ ಮಾಸದಲ್ಲಿ. ಮುದ್ದನಗಲ್ಲಿನಲ್ಲಿ ಇಂದು ಬಸ್ಸು ಇಳಿದು ನೀರಿನ ಟ್ಯಾಂಕಿನ ಕಡೆಗೆ ನಡೆದರೆ, ಆಟದ ಬಯಲಿನ ಗೋಡೆಗೆ ಒತ್ತಿಕೊಂಡಂತೆ ಒಂದು ಕರಿಬಂಡೆ ಮಲಗಿದೆ. ಎತ್ತರ ಒಂದಾಳಿಗಿಂತ ಸ್ವಲ್ಪ ಹೆಚ್ಚು, ಉದ್ದ ಎರಡು ಎತ್ತಿನ ಗಾಡಿಗಳಷ್ಟು. ಅದರ ನೆರಳಿನಲ್ಲಿ ಮಂಡಕ್ಕಿ ಮಾರುವವರು ಕೂರುತ್ತಾರೆ. ಕಂಡಕ್ಟರು 'ಸೊನ್ನೆ ಬಂಡೆ ಯಾರ್ರೀ' ಎಂದು ಕೂಗುತ್ತಾನೆ. ಹೊಸಬರು ಬಂಡೆ ದುಂಡಗಿರಬೇಕು ಎಂದುಕೊಂಡು ಇಳಿಯುತ್ತಾರೆ. ಬಂಡೆ ದುಂಡಗಿಲ್ಲ. ಹೆಸರು ಅದರ ಆಕಾರದಿಂದ ಬಂದದ್ದಲ್ಲ, ಒಂದು ಕೂಲಿಮಠದ ಕಟ್ಟಳೆಯಿಂದ ಬಂದದ್ದು ಎನ್ನುತ್ತಾರೆ.

ಹಿಂದೆ ಒಮ್ಮೆ ಮುದ್ದನಗಲ್ಲು ಎಂದರೆ ಎರಡು ಊರು. ಒಂದು ಪೇಟೆ, ಇನ್ನೊಂದು ದಂಡು. ದಂಡಿನಲ್ಲಿ ಬಿಳಿಯರ ಪಡೆ, ಅವರ ಬಂಗಲೆಗಳು, ಇಗರ್ಜಿ, ಮತ್ತು ಕ್ಯಾಪ್ಟನ್ ಒಬ್ಬನ ವಿಧವೆ ತನ್ನ ಮನೆಯಲ್ಲೇ ನಡೆಸುತ್ತಿದ್ದ ಒಂದು ಶಾಲೆ ಇದ್ದವು. ಆ ಶಾಲೆಗೆ ದೊರೆಗಳ ಮಕ್ಕಳು ಮಾತ್ರ ಹೋಗುತ್ತಿದ್ದರು. ಬಂಗಲೆಗಳಲ್ಲಿ ಅಡುಗೆ ಮಾಡುವವರ, ಕುದುರೆ ತಿಕ್ಕುವವರ, ಬಟ್ಟೆ ಒಗೆಯುವವರ ಮಕ್ಕಳಿಗೆ ಅದರ ಮೆಟ್ಟಿಲು ಗುಡಿಸುವ ಕೆಲಸವಿತ್ತು, ಒಳಗೆ ಜಾಗವಿರಲಿಲ್ಲ. ಹಾಗಾಗಿ ದಂಡಿನ ಆರು ಮಂದಿ ಹುಡುಗರು ಪೇಟೆಗೆ, ಮರುಳಯ್ಯ ಐಗಳ ಮಠಕ್ಕೆ ಬರುತ್ತಿದ್ದರು. ಮಠವೆಂದರೆ ಛತ್ರದ ಜಗಲಿ. ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿಂದ ಅಕ್ಷರ ತಿದ್ದುವುದು, ಸಾಲಾಗಿ ಕೂತು ಮಗ್ಗಿ ಹೇಳುವುದು. ದಂಡಿನವರನ್ನು ಸೇರಿಸಿಕೊಂಡದ್ದಕ್ಕೆ ಪೇಟೆಯ ಕೆಲವರು ಮುಖ ಸಿಂಡರಿಸಿದ್ದರು. ಐಗಳು ಅದಕ್ಕೆ ಸೊಪ್ಪು ಹಾಕಿರಲಿಲ್ಲ. ತಮ್ಮ ಮಠದಲ್ಲಿ ನಡೆಯುವುದು ಕಟ್ಟಳೆಯೊಂದೇ, ಯಾರ ಮಗ ಎನ್ನುವುದಲ್ಲ ಎಂದು ಅವರು ಹೇಳುತ್ತಿದ್ದರು.

ಆ ಕಟ್ಟಳೆ ಆಗಿನ ಎಲ್ಲ ಕೂಲಿಮಠಗಳಲ್ಲೂ ಇದ್ದದ್ದೇ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಐಗಳು ಬಳಪದಿಂದ 'ಶ್ರೀ' ಬರೆಯುತ್ತಿದ್ದರು. ಅದು ಮರ್ಯಾದೆ. ಎರಡನೆಯವನ ಅಂಗೈಗೆ ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ಪೆಟ್ಟೂ ಇಲ್ಲ. ಮೂರನೆಯವನಿಗೆ ಬೆತ್ತದ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದ ಕ್ರಮದಲ್ಲಿ ಒಂದೊಂದು ಹೆಚ್ಚು. ದಂಡಿನ ಗೇಟು ಮುಂಜಾನೆಯ ತೋಪು ಹಾರಿದ ಮೇಲೆಯೇ ತೆರೆಯುತ್ತಿತ್ತು. ತೋಪು ಹಾರುವ ಹೊತ್ತಿಗೆ ಪೇಟೆಯ ಹುಡುಗರು ಮಗ್ಗಿ ಶುರು ಮಾಡಿರುತ್ತಿದ್ದರು. ದಂಡಿನ ಹುಡುಗರು ಓಡೋಡಿ ಬಂದರೂ ಸಾಲಿನ ಬಾಲ ಅವರದೇ, ಅಂಗೈ ಊದಿಸಿಕೊಳ್ಳುವುದೂ ಅವರೇ.

ಆ ವರ್ಷದ ಸಂಕ್ರಾಂತಿ ಕಳೆದ ಮೇಲೆ ಇದು ತಿರುಗಿಬಿತ್ತು. ಬಟ್ಲರನ ಮಗ ಅಂತೋಣಿ ಒಂದು ದಿನ ಎಲ್ಲರಿಗಿಂತ ಮೊದಲು ಬಂದು 'ಶ್ರೀ' ಬರೆಸಿಕೊಂಡ. ಮರುದಿನವೂ ಅವನೇ. ಅವನ ಹಿಂದೆಯೇ ಉಳಿದ ಐವರು. ಐಗಳಿಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ಬೆತ್ತವನ್ನು ಎತ್ತಿ ಹಿಡಿದು ಪೇಟೆಯ ಹುಡುಗರಿಗೆ ತೋರಿಸಿ, "ನೋಡ್ರೋ, ಇದು ಮಾಡಿದ ಕೆಲಸ. ಗಾವುದ ದೂರದವರು ಎದ್ದು ಬರ್ತಾರೆ, ನೀವು ಓಣಿಯೊಳಗಿದ್ದೂ ಹೊದ್ದು ಮಲಗ್ತೀರಿ" ಎಂದು ಹಂಗಿಸುತ್ತಿದ್ದರು. ಸೋಮವಾರ ಮತ್ತು ಗುರುವಾರ ಮಾತ್ರ ಆ ಆರೂ ಮಂದಿ ಮೊದಲಿನಂತೆ ತಡವಾಗಿ ಬಂದು ಬಾಯಿಬಿಡದೆ ಏಟು ತಿನ್ನುತ್ತಿದ್ದರು. ಐಗಳು ಅದನ್ನು ಗಮನಿಸಿದ್ದರು. ಕಾರಣ ಕೇಳಿರಲಿಲ್ಲ.

ಅಂದು ಬುಧವಾರ. ಪೇಟೆಯ ಹುಡುಗರು ಒಬ್ಬೊಬ್ಬರಾಗಿ ಬಂದು ಕೂತರು, ದಂಡಿನವರ ಸುಳಿವಿಲ್ಲ. ತೋಪು ಹಾರಿತು. ಸ್ವಲ್ಪ ಹೊತ್ತಿನಲ್ಲಿ ಬಡಗಣ ದಿಕ್ಕಿನಿಂದ ಕೋವಿಗಳ ಸದ್ದು ಕೇಳಿತು. ಬಾಗಿಲಲ್ಲಿ ಹಾಲು ಅಳೆಯುತ್ತಿದ್ದ ನೀಲವ್ವ ಕೈ ನಿಲ್ಲಿಸಿದಳು.

"ಇವತ್ತು ಬುಧವಾರ ಅಲ್ಲೇನ್ರೀ ಐಗಳೇ? ಬುಧವಾರ ಯಾಕ ಹೊಡೀಲಿಕ್ಕೆ ಹತ್ಯಾರ?"

"ಮದರಾಸಿನಿಂದ ದೊಡ್ಡ ಸಾಹೇಬ ಬರ್ತಾನಂತೆ. ಹೊಸ ಸೋಲ್ಜರುಗಳಿಗೆ ಗುರಿ ಕಲಿಸ್ತಿರಬೇಕು. ನಿನಗೇನು ಅದರ ಚಿಂತೆ?"

"ನನಗೇನಿಲ್ರೀ. ನಿಮ್ಮ ದಂಡಿನ ಹುಡುಗ್ರು ಕಳ್ಳಿಬೇಲಿ ನುಸುಳಿ ಚಾಂದಮಾರಿ ದಾಟಿ ಬರ್ತಾರಲ್ಲ. ದಿನಾ ನೋಡ್ತೀನಿ. ನಿಮಗ ಗೊತ್ತಿಲ್ಲೇನು?"

ಚಾಂದಮಾರಿ ಎಂದರೆ ಪಡೆಯವರು ಗುರಿ ಹೊಡೆದು ಕಲಿಯುವ ಬಯಲು. ಸೋಮವಾರ ಮತ್ತು ಗುರುವಾರ ಅಲ್ಲಿ ಕೋವಿ ಹಾರುತ್ತಿತ್ತು. ಉಳಿದ ದಿನ ಮೇಕೆಗಳು ಮೇಯುತ್ತಿದ್ದವು. ಐಗಳಿಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ಅವರು ಬೆತ್ತವನ್ನು ಜಗಲಿಯ ಮೇಲೆ ಹಾಕಿ, ಹಾವುಗೆಯನ್ನು ಅಲ್ಲೇ ಕಳಚಿ ಬರಿಗಾಲಲ್ಲಿ ಹೊರಟರು. ನೀಲವ್ವ ಚೊಂಬನ್ನು ಕೆಳಗಿಟ್ಟು ಹಿಂದೆ ಓಡಿದಳು.

ಬಯಲಿನ ಅಂಚಿನಲ್ಲಿ ಕೆಂಪು ಬಾವುಟ ಹಾರುತ್ತಿತ್ತು. ಅದರ ಕೆಳಗೆ ಕಪ್ಪು ಸಿಪಾಯಿಯೊಬ್ಬ ದಾರಿಹೋಕರನ್ನು ತಡೆಯಲು ನಿಂತಿದ್ದ. ಬಾವುಟ ಇದ್ದದ್ದು ರಸ್ತೆಯ ಕಡೆಗೆ. ಕಳ್ಳಿಬೇಲಿಯ ಸಂದಿನಲ್ಲಿ ನುಸುಳಿ ಬರುವವರಿಗೆ ಅದು ಕಾಣುವಂತಿರಲಿಲ್ಲ. ಐಗಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಬಯಲಿನ ನಡುವೆ, ಗುರಿಹಲಗೆಗಳಿಗೆ ತುಸು ಓರೆಯಾಗಿ ಒಂದು ಕರಿಬಂಡೆ. ಅದರ ಹಿಂದೆ ನೆಲಕ್ಕೆ ಅಂಟಿಕೊಂಡ ಬಿಳಿ ಅಂಗಿಗಳು. ನಸುಕಿನಲ್ಲೇ ಬಯಲಿಗೆ ಬಂದ ಪಡೆಯನ್ನು ಕಂಡು ಹುಡುಗರು ಅಲ್ಲಿ ಅಡಗಿರಬೇಕು.

"ಮಕ್ಕಳಿದ್ದಾರಪ್ಪಾ ಅಲ್ಲಿ! ನಿಲ್ಲಿಸು ಅನ್ನು!"

"ನಾನು ಅಂದ್ರೆ ಯಾರು ಕೇಳ್ತಾರೆ ಸ್ವಾಮಿ? ಹವಾಲ್ದಾರ್ ಆ ದಿಬ್ಬದ ಮೇಲಿದ್ದಾನೆ. ಬಾವುಟ ಬಿಟ್ಟು ಹೋದ್ರೆ ನನ್ನ ಚರ್ಮ ಸುಲೀತಾರೆ."

"ನಿನ್ನ ಚರ್ಮಕ್ಕೆ ಬೆಂಕಿ ಬೀಳ!" ಎಂದು ನೀಲವ್ವ ಅವನ ತೋಳು ಹಿಡಿದಳು. "ಬಾವುಟ ನಾನು ಕಾಯ್ತೀನಿ. ಓಡು!"

ಸಿಪಾಯಿ ಒಮ್ಮೆ ಬಂಡೆಯನ್ನೂ ಒಮ್ಮೆ ಅವಳನ್ನೂ ನೋಡಿ ದಿಬ್ಬದ ಕಡೆಗೆ ಓಡಿದ. ದಿಬ್ಬ ದೂರವಿತ್ತು. ಅಷ್ಟರಲ್ಲಿ ಕಹಳೆ ಊದಿತು, ಕೋವಿಗಳು ನಿಂತವು. ಗುರಿಹಲಗೆಗಳ ಬುಡದ ಗುಂಡಿಯಲ್ಲಿ ಅಡಗಿದ್ದ ಆಳುಗಳು ಮೇಲೆ ಬಂದು ಹಲಗೆಗಳ ತೂತುಗಳಿಗೆ ಕಾಗದ ಅಂಟಿಸತೊಡಗಿದರು. ಅದು ಮುಗಿದರೆ ಕಹಳೆ ಮತ್ತೆ ಊದುತ್ತದೆ, ಕೋವಿ ಮತ್ತೆ ಹಾರುತ್ತದೆ. ಐಗಳಿಗೆ ಅಷ್ಟು ಗೊತ್ತಿತ್ತು. ಬಂಡೆ ಗಟ್ಟಿಯಾಗಿದೆ, ಮಕ್ಕಳು ಅದರ ಹಿಂದೆಯೇ ಕೂತಿದ್ದರೆ ಏನೂ ಆಗದು ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಆದರೆ ಅಂತೋಣಿ ಬಂಡೆಯ ಪಕ್ಕದಲ್ಲಿ ಎದ್ದು ನಿಂತದ್ದು ಕಂಡಿತು. ಅವನು ನೋಡುತ್ತಿದ್ದದ್ದು ಕೋವಿಗಳ ಕಡೆಗಲ್ಲ, ಪೇಟೆಯ ಕಡೆಗೆ. ಹೊತ್ತು ಮೀರುತ್ತಿದೆ ಎಂದು ಅಳೆಯುತ್ತಿದ್ದಾನೆ ಎಂಬುದು ಐಗಳಿಗೆ ಹೊಳೆಯಿತು. ಗುಂಡಿನ ಭಯಕ್ಕಿಂತ ಬೆತ್ತದ ಭಯ ದೊಡ್ಡದಾಗಿತ್ತು. ಅದನ್ನು ದೊಡ್ಡದು ಮಾಡಿದವರು ತಾವೇ.

ಕೂಗಿದರು. ಗಾಳಿ ಎದುರಿಗಿತ್ತು. ಪಂಚೆಯನ್ನು ಎತ್ತಿ ಕಟ್ಟಿ ಬಯಲಿಗೆ ಇಳಿದು ಓಡಿದರು. ಐಗಳದು ಸ್ಥೂಲ ದೇಹ, ಅರವತ್ತರ ಆಸುಪಾಸಿನ ವಯಸ್ಸು. ಅರ್ಧ ದಾರಿಯಲ್ಲಿದ್ದಾಗ ಹಲಗೆಯ ಆಳುಗಳು ಗುಂಡಿಗೆ ಇಳಿದರು. ಮುಂದೆ ಹೋಗುವುದೋ ಮಲಗುವುದೋ ತಿಳಿಯಲಿಲ್ಲ. ಅಂತೋಣಿ ಕಿರಿಯವನಾದ ಹುಸೇನಿಯ ಕೈ ಹಿಡಿದು ಬಂಡೆಯ ಮರೆಯಿಂದ ಹೊರಗೆ ಹೆಜ್ಜೆ ಇಟ್ಟ. ಕಹಳೆ ಊದಿತು. ಐಗಳು ಕೊನೆಯ ಮಾರನ್ನು ಬಿದ್ದೇ ದಾಟಿ, ಇಬ್ಬರ ಅಂಗಿಗಳನ್ನೂ ಹಿಡಿದು ಬಂಡೆಯ ಹಿಂದಕ್ಕೆ ಎಳೆದರು. ಮೊದಲ ಸುತ್ತಿನ ಗುಂಡೊಂದು ಬಂಡೆಯ ನೆತ್ತಿಗೆ ಬಡಿದು ಕಲ್ಲಿನ ಚೂರುಗಳು ಅವರ ಬೆನ್ನ ಮೇಲೆ ಉದುರಿದವು.

ಆರು ಮುಖಗಳು ಐಗಳನ್ನು ನೋಡುತ್ತಿದ್ದವು. ಕುದುರೆ ಲಾಯದವನ ಮಗ ಹುಸೇನಿ ತನ್ನ ಅಂಗೈ ಬಿಡಿಸಿ ಮುಂದೆ ಹಿಡಿದ.

"ಐಗಳೇ, ಇವತ್ತು ನಮಗೆ ಎಷ್ಟು?"

ಮರುಳಯ್ಯ ಐಗಳು ಬಂಡೆಯ ಬುಡದ ಮಣ್ಣನ್ನು ಎಂಜಲಲ್ಲಿ ಕಲಸಿ, ಆ ಪುಟ್ಟ ಅಂಗೈಯಲ್ಲಿ ಬೆರಳಿಂದ ಒಂದು ಸೊನ್ನೆ ಬರೆದರು. ಮುಂದಿನವನಿಗೂ ಸೊನ್ನೆ, ಅವನ ಮುಂದಿನವನಿಗೂ. ಮೇಲೆ ಗುಂಡುಗಳು ಶಿಳ್ಳೆ ಹಾಕುತ್ತಿದ್ದವು. ಅಂತೋಣಿಯ ಅಂಗೈಗೂ ಸೊನ್ನೆಯೇ ಬಂದಾಗ ಅವನು ಅದನ್ನು ನೋಡಿ, ಐಗಳ ಮುಖ ನೋಡಿ ಮೆಲ್ಲಗೆ ಕೇಳಿದ: "ಎಲ್ಲರಿಗಿಂತ ಕೊನೆಗೆ ಬಂದವರು ನೀವಲ್ವಾ ಐಗಳೇ?"

ಒಬ್ಬ ಹುಡುಗ ಹೆದರಿಕೆಯಲ್ಲೂ ಕಿಸಕ್ಕೆಂದ. ಐಗಳು ನಗಲಿಲ್ಲ. "ಹೌದಪ್ಪಾ. ನಾನೇ ತಡ" ಎಂದು ತಮ್ಮ ಬಲಗೈ ಚಾಚಿದರು. ಅಂತೋಣಿ ಮಣ್ಣಿನ ಬೆರಳಿಂದ ಅದರ ಮೇಲೆ ಒಂದು ಸೊನ್ನೆ ಎಳೆದ. ಆಮೇಲೆ ಕಹಳೆ ಬೇರೆ ಧಾಟಿಯಲ್ಲಿ ಉದ್ದಕ್ಕೆ ಊದಿತು. ದಿಬ್ಬದ ಮೇಲೆ ಸಿಪಾಯಿ ಎರಡೂ ಕೈ ಬೀಸುತ್ತಿದ್ದ. ಅತ್ತ ಕೆಂಪು ಬಾವುಟ ಕೆಳಗಿಳಿಯಿತು. ಅದನ್ನು ಇಳಿಸಿದವಳು ನೀಲವ್ವ.

ಮಠಕ್ಕೆ ಮರಳಿದಾಗ ಜಗಲಿಯ ಮುಂದೆ ಪೇಟೆಯ ಅರ್ಧ ಜನ ಸೇರಿದ್ದರು. ಐಗಳು ಬಳಪ ತೆಗೆದುಕೊಂಡು, ಕಾದು ಕೂತಿದ್ದ ಹುಡುಗರ ಅಂಗೈಗಳಲ್ಲಿ ಒಂದೊಂದೇ ಸೊನ್ನೆ ಬರೆದರು. ಅಂದು ಮೊದಲು ಬಂದಿದ್ದವನು ಜವಳಿ ಅಂಗಡಿಯ ಕೊಟ್ರಪ್ಪ ಶೆಟ್ಟರ ಮಗ. ಶೆಟ್ಟರಿಗೆ ರೇಗಿತು. "ಮೊದಲು ಬಂದವನಿಗೂ ಸೊನ್ನೆ, ಬಿಸಿಲೇರಿದ ಮೇಲೆ ಬಂದವನಿಗೂ ಸೊನ್ನೆ. ಇದೇನು ಮಠವೋ ಧರ್ಮಛತ್ರವೋ?"

"ಛತ್ರವೇ ಅನ್ನಿ ಶೆಟ್ಟರೇ," ಎಂದರು ಐಗಳು. "ಬರುವ ಮಕ್ಕಳು ಜೀವಂತ ಬಂದರೆ ನನಗೆ ಸಾಕು."

ಶೆಟ್ಟರು ಮಗನ ಕೈ ಹಿಡಿದು ಹೊರಟುಹೋದರು. ಇನ್ನೂ ಕೆಲವರು ಹಾಗೆಯೇ ಮಾಡಿದರು ಎನ್ನುತ್ತಾರೆ. ಮರುದಿನದಿಂದ ಮಠ ಶುರುವಾಗುತ್ತಿದ್ದದ್ದು ತೋಪು ಹಾರಿ, ದಂಡಿನ ಗೇಟು ತೆರೆದು, ಆ ಹುಡುಗರು ರಸ್ತೆಯ ದಾರಿಯಲ್ಲಿ ನಡೆದು ಬಂದು ಕೂತ ಮೇಲೆ. ಐಗಳು ಬದುಕಿರುವವರೆಗೆ ಆ ಜಗಲಿಯಲ್ಲಿ ಯಾರ ಅಂಗೈಗೂ 'ಶ್ರೀ' ಬೀಳಲಿಲ್ಲ, ಏಟೂ ಬೀಳಲಿಲ್ಲ.

ದಂಡು ಎಂದೋ ಎತ್ತಿಹೋಗಿ ಚಾಂದಮಾರಿಯ ಅರ್ಧ ಭಾಗ ಈಗ ಗೋಡೆ ಕಟ್ಟಿದ ಆಟದ ಬಯಲಾಗಿದೆ. ಬಂಡೆಯ ಮೂಡಣ ಮೈ ಗೋಡೆಯ ಕಡೆಗಿದೆ, ಸಂದಿನಲ್ಲಿ ಓರೆಯಾಗಿ ನುಗ್ಗಿದರೆ ಕಾಣುತ್ತದೆ. ಅಲ್ಲಿ ಮೊಣಕಾಲೆತ್ತರದಲ್ಲಿ ಕೊರೆದ ಸೊನ್ನೆಗಳ ಸಾಲಿದೆ. ಅಂತೋಣಿ ದೊಡ್ಡವನಾದ ಮೇಲೆ ಕಲ್ಲುಕುಟಿಗರಿಂದ ಕೊರೆಸಿದ ಎಂದು ಕೆಲವರೂ, ಮಕ್ಕಳೇ ಮೊಳೆ ಹಿಡಿದು ಕೊರೆದರು ಎಂದು ಕೆಲವರೂ ಹೇಳುತ್ತಾರೆ. ಎಲ್ಲವೂ ಮಕ್ಕಳ ಅಂಗೈಯಷ್ಟು ಅಗಲ. ಕೊನೆಯದು ಮಾತ್ರ ದೊಡ್ಡವರ ಅಂಗೈಯಷ್ಟು. ಒಟ್ಟು ಏಳು.