ಕಾಯ್ಲಿ ದಾವಲಸಾಬನ ಜೋಡಿ ಪೆಟ್ಟಿಗಿ

ಹಿಂದಕ್ಕ, ಬಾಳ ಹಿಂದಕ್ಕ, ಹೊಳಿ ದಂಡಿ ಮ್ಯಾಲ ಒಂದ ನೇಕಾರರ ಊರಿತ್ತಂತ. ಎಷ್ಟ ಹಿಂದಕ್ಕ ಅಂತ ಕೇಳಬ್ಯಾಡ್ರಿ. ನಿಮ್ಮವ್ವನ ತೊಟ್ಟಲಾ ಇನ್ನಾ ಕಟ್ಟಿರಲಿಲ್ಲ, ಅಷ್ಟ ನನಗ ಗೊತ್ತು. ಮಗ್ಗದ ಕಂಡಿಕಿಗೆ ನೂಲು ಸುತ್ತಿಕೋತ ಹೇಳ್ತೀನಿ, ಕೈ ನಿಂತ್ರ ಮಗ್ಗ ನಿಂದ್ರತಾವು. ನೂಲು ಹಿಡೀರಿ, ಹೂಂ ಅನ್ರಿ. ಹೂಂ ಅನ್ನಲಿಲ್ಲಂದ್ರ ನಾ ಹೇಳಂಗಿಲ್ಲ ನೋಡ್ರಿ, ಮೊದಲ ಹೇಳೀನಿ.

ಆ ಊರಾಗ ಓಣಿ ತುಂಬ ಮಗ್ಗ. ಹಗಲಿಲ್ಲ ರಾತ್ರಿಲ್ಲ, ಖಟಾಕ್ ಖಟಾಕ್, ಖಟಾಕ್ ಖಟಾಕ್. ಮಂದಿ ಒಬ್ಬರಿಗೊಬ್ಬರು ಒದರೇ ಮಾತಾಡತಿದ್ರಂತ. ಗಂಡ ಹೆಂಡ್ತಿ ಗುಟ್ಟಿನ ಮಾತಾಡಿದ್ರೂ ಆಚೆ ಮನಿಯವ್ರು ಅದಕ್ಕ ಜವಾಬು ಕೊಡತಿದ್ರಂತ. ಅಂಥಾ ಊರಾಗ ಹಾಡು ಯಾರಿಗೆ ಕೇಳಬೇಕು? ಆದ್ರ ಅಂಥಾ ಊರಾಗನ ದಾವಲಸಾಬ ಇದ್ದ.

ಮದಿವಿ ಇರಲಿ, ಬಸರಿಗೆ ಮಾಡೂ ಕುಬಸ ಇರಲಿ, ಉರುಸು ಇರಲಿ, ಹಾಡಿನ ಸೆಟ್ ಹಚ್ಚಾಂವ ದಾವಲಸಾಬ. ಸೆಟ್ ಅಂದ್ರ ಈಗಿನಂಗ ಅಂಗೈಯಾಗ ಹಿಡಿಯೋದಲ್ಲ. ನಡುವ ಒಂದು ಕಬ್ಬಿಣದ ಯಂತ್ರ, ಅದರ ತಲಿ ಮ್ಯಾಲ ಗಾಜಿನ ಬುರುಡಿ ಸಾಲಾಗಿ ನಿಂತಿದ್ವು. ಬಾಜೂಕ ಟೇಪು. ನಮ್ಮ ರಾಟಿಯಂಗ ಎರಡು ಗಾಲಿ, ಈ ಗಾಲಿಯಿಂದ ಆ ಗಾಲಿಗೆ ಹಾಡು ಸುತ್ತಿಕೋತ ಹೋಗೂದು. ಆಮ್ಯಾಲ ದನಿ ಹೊರಡೂ ಎರಡು ಪೆಟ್ಟಿಗಿ. ಯಪ್ಪಾ, ಪೆಟ್ಟಿಗಿ ಅಂದ್ರ ಪೆಟ್ಟಿಗಿ! ಒಂದೊಂದು ಆಳೆತ್ತರ, ಎತ್ತಾಕ ಇಬ್ಬಿಬ್ಬರು ಬೇಕು. ಕರೆಂಟಿನ ಮಗ್ಗ ಬಂದಾಗ ಮಂದಿ ಹಳೇ ಕಟ್ಟಿಗಿ ಕುಣಿಮಗ್ಗ ಕಿತ್ತು ಒಲಿಗೆ ಹಾಕಾಕತ್ತಿದ್ರಂತ. ದಾವಲಸಾಬ ಒಲಿ ಮುಂದ ನಿಂತು, "ಅವ್ವಾ, ಇದನ್ನ ಸುಡಬ್ಯಾಡ್ರಿ, ನನಗ ಕೊಡ್ರಿ" ಅಂತ ಬೇಡಿ ತಂದು ಆ ಪೆಟ್ಟಿಗಿ ಮಾಡಿದ್ನಂತ. ಅಜ್ಜಿ ಮುತ್ತಜ್ಜಿ ಮಗ್ಗದ ಮುಂದ ಕುಂತು ಹಾಡಿದ್ದೆಲ್ಲಾ ಕೇಳಿದ ಕಟ್ಟಿಗಿ ಅದು. ಅದಕ್ಕ ಹಾಡು ಅಂದ್ರೇನು ಅಂತ ಯಾರೂ ಕಲಿಸೂದ ಬೇಕಿರಲಿಲ್ಲ ಅಂತಾರ.

ಆ ಸೆಟ್ಟು ಗುಂಡಿ ಒತ್ತಿದ ಕೂಡ್ಲೆ ಹಾಡತಿರಲಿಲ್ಲ. ಬುರುಡಿ ಕಾಯಬೇಕು. ಮೊದಲ ಒಳಗ ಕೆಂಪನ್ನ ಒಂದು ಎಳಿ ಕಾಣೂದು, ಆಮ್ಯಾಲ ಕೆಂಡದಂಗ ಆಗೂದು, ಆಮ್ಯಾಲ ಹಾಡು. ಅಲ್ಲೀತನಕ ದಾವಲಸಾಬ ಕೈ ಎತ್ತಿ "ಕಾಯ್ಲಿ" ಅಂತಿದ್ದ. ಒಂದ ಮಾತು. ಮದಿವಿ ಮಂದಿಯೆಲ್ಲಾ ಬಾಯಿ ಮುಚ್ಚಿ ನಿಂದ್ರತಿದ್ರು. ಪರಊರ ಬೀಗರಿಗೆ ಇದು ತಿಳೀಬೇಕಲ್ಲ? "ಎಷ್ಟೊತ್ತಪಾ ನಾವು ಕಾಯೂದು?" ಅಂತ ಸಿಟ್ಟಿಗೇಳತಿದ್ರಂತ. ಇಂವ ತಣ್ಣಗ, "ನೀವಲ್ಲರಿ, ಅದು ಕಾಯಬೇಕು" ಅಂತಿದ್ನಂತ. ಅದಕ್ಕ ಅವಗ ಕಾಯ್ಲಿ ದಾವಲಸಾಬ ಅಂತನ ಹೆಸರು ಬಿತ್ತು.

ಕಾದ ಮ್ಯಾಲ ಏನಾಗತಿತ್ತು ಅಂತೀರಿ? ಹಾಡು ಪೆಟ್ಟಿಗಿಯೊಳಗಿಂದ ಬರತಿರಲಿಲ್ಲಂತ. ಎರಡು ಪೆಟ್ಟಿಗಿ ನಡುವಿನ ಬಯಲಾಗ ಎದ್ದು ನಿಂದ್ರತಿತ್ತಂತ. ಸನಾದಿ ಊದಾಂವ ಎಡಕ್ಕ, ಸಂಬಾಳ ಬಡಿಯಾಂವ ಬಲಕ್ಕ, ಕಣ್ಣು ಮುಚ್ಚಿದ್ರ ಬೆರಳು ಮಾಡಿ ತೋರಿಸಬಹುದಿತ್ತಂತ. ಒಂದ ಮದಿವ್ಯಾಗ ಬೀಗತಿ ಒಬ್ಬಾಕಿ, ಪಾಪ, ಸನಾದಿಯಾಂವ ಮುಂಜಾನಿಂದ ಊದಾಕತ್ತಾನ ಅಂತ ಚಾ ಹಿಡಕೊಂಡು ಬಂದು ಖಾಲಿ ಜಾಗಾಕ್ಕ ಕೈ ಚಾಚಿದ್ಲಂತ. ನಗ್ರಿ, ನಗ್ರಿ. ಅಂವ ಚಾ ತಗೊಂಡ ಅಂತ ಹೇಳಾವ್ರೂ ಅದಾರ. ಅಷ್ಟು ನಾ ನಂಬಂಗಿಲ್ಲ.

ಅದ ಓಣ್ಯಾಗ ಅಕ್ಕ ತಂಗಿ ಇಬ್ಬರಿದ್ರು. ಅಕ್ಕ ನಿಂಬೆವ್ವ, ತಂಗಿ ತುಳಜವ್ವ. ಇಬ್ಬರ ಕೊಳ್ಳಿನ ದನೀನೂ ಒಂದ, ಒಂದ ನೂಲಿನ ಎರಡು ಎಳಿ. ಊರಾಗ ಯಾರ ಮನಿ ಮದಿವಿ ಇದ್ರೂ ಸುರಗಿ ನೀರಿಗೆ ಇವರ ಹಾಡು ಬೇಕು. ಗೊತ್ತಲ್ಲ ನಿಮಗ, ನಾಕು ಮೂಲಿಗೆ ತಂಬಿಗಿ ಇಟ್ಟು, ನೂಲು ಸುತ್ತಿ, ನಡುವ ಮದುಮಕ್ಕಳನ್ನ ಕುಂದ್ರಿಸಿ ಅರಿಶಿಣದ ನೀರು ಹಾಕೂದು. ಆಗ ನಿಂಬೆವ್ವ ಮುಂದ ಹಾಡಾಕಿ, ತುಳಜವ್ವ ಹಿಂದ ಸೊಲ್ಲು ಹಿಡಿಯಾಕಿ. ಚಾಪಿ ಮ್ಯಾಲ ನಿಂಬೆವ್ವ ಯಾವಾಗೂ ಎಡಕ್ಕ, ತುಳಜವ್ವ ಯಾವಾಗೂ ಬಲಕ್ಕ. ಒಬ್ಬರ ಜಾಗಾದಾಗ ಒಬ್ಬರು ಕೂತದ್ದನ್ನ ಯಾರೂ ನೋಡಿರಲಿಲ್ಲ.

ಒಮ್ಮೆ ದಾವಲಸಾಬನ ಮನಸ್ಸಿಗೆ ಏನು ಬಂತೋ ಏನೋ, ಅವರ ಹಾಡನ್ನ ಟೇಪಿಗೆ ತುಂಬಿಕೊಂಡ. ಎರಡು ಮೈಕು ತಂದ, ಅಕ್ಕನ ಮುಂದ ಒಂದು, ತಂಗಿ ಮುಂದ ಒಂದು. ನಿಂಬೆವ್ವ, "ಒಂದ ಹಾಡಿಗೆ ಎರಡ್ಯಾಕೋ ದಾವಲಾ, ಹುಚ್ಚಗಿಚ್ಚ ಹಿಡದೈತೇನು?" ಅಂದು ನಕ್ಳಂತ. ಆ ನಗುವೂ ಟೇಪಿನ್ಯಾಗ ಕೂತುಬಿಡ್ತು.

ಆಮ್ಯಾಲ ನಿಂಬೆವ್ವ ತೀರಿಕೊಂಡ್ಲು. ಆವತ್ತಿಂದ ತುಳಜವ್ವ ಹಾಡಲಿಲ್ಲ. ಯಾರು ಕರದ್ರೂ ಬರಲಿಲ್ಲ. "ಮುಂದ ಹಾಡಾಕಿ ಇಲ್ಲದ ನಾ ಯಾರ ಸೊಲ್ಲು ಹಿಡೀಲಿ?" ಅಂತಿದ್ಲು. ಕಣ್ಣೂ ಮಂಜಾದ್ವು. ಜೋಳಾ ಆರಿಸಿಕೋತ ಮೂಲ್ಯಾಗ ಕೂತುಬಿಟ್ಲು.

ದಾವಲಸಾಬನ ದಿನಾನೂ ಹಂಗ ಆದ್ವು. ಶಹರದಿಂದ ಹೊಸ ಡಬ್ಬಿ ಬಂದ್ವು, ಅಂಗೈಯಷ್ಟು. ವೈರಿಲ್ಲ, ಕಾಯೂದಿಲ್ಲ, ಒತ್ತಿದ್ರ ಹಾಡತಿದ್ವು. "ಸಾಬನ ಸೆಟ್ಟು ಕಾಯೂದ್ರಾಗ ಹುಡುಗಿ ಹಡದಿರತಾಳ" ಅಂತ ಮಂದಿ ಚಾಷ್ಟಿ ಮಾಡಿದ್ರು. ಅಂವ ಪೆಟ್ಟಿಗಿ ಮ್ಯಾಲ ಹಚ್ಚಡ ಹೊಚ್ಚಿ ಮನ್ಯಾಗ ಕೂತ. ಬುರುಡಿ ತಣ್ಣಗಾಗಬಾರದು ಅಂತ ಆಗಾಗ ತಾನೊಬ್ಬನ ಹಚ್ಚಿ ತಾನೊಬ್ಬನ ಕೇಳತಿದ್ನಂತ.

ಇಂಥಾದ್ರಾಗ ನಿಂಬೆವ್ವನ ಮೊಮ್ಮಗಳು ಕಮಲಾಕ್ಷಿ ಮದಿವಿ ಬಂತು. ಮನಿಯೊಳಗ ಹಿರೇ ಮುತ್ತೈದಿ ಅಂದ್ರ ತುಳಜವ್ವ. ಸುರಗಿಯ ಮೊದಲ ತಂಬಿಗಿ ಆಕೀನ ಹಾಕಬೇಕು. ಆಕಿ ಹಾಕೂತನಕ ಹುಡುಗಿ ಸುರಗಿಯಿಂದ ಏಳಂಗಿಲ್ಲ. ಆದ್ರ ತುಳಜವ್ವ ಪಟ್ಟು ಹಿಡದ್ಲು. "ಅಕ್ಕನ ಮೊಮ್ಮಗಳಿಗೆ ಅಕ್ಕ ಹಾಡದ ನಾ ನೀರು ಹಾಕಂಗಿಲ್ಲ" ಅಂದ್ಲು. ಸತ್ತಾಕಿ ಎಲ್ಲಿಂದ ಬರಬೇಕು? ಕಮಲಾಕ್ಷಿ ಅತ್ಲು, ಕಾಲು ಹಿಡದ್ಲು, ಊಟಾ ಬಿಟ್ಲು. ಮುದುಕಿ ಜಗ್ಗಲಿಲ್ಲ.

ವರನ ಸೋದರಮಾವ ಪರಪ್ಪ ಅಂತ, ಭಾರಿ ಹುರುಪಿನ ಮನಷ್ಯಾ. "ಅಷ್ಟ ತಾನ? ಅಕ್ಕನ್ನ ಹಾಡಸೂದು ನನಗ ಬಿಡ್ರಿ" ಅಂದ. ದಾವಲಸಾಬನ ಕಡೆ ಇದ್ದ ಟೇಪು ಕೇಳಿ ಇಸಗೊಂಡು ಶಹರಕ್ಕ ಹೋಗಿ, ಹಾಡು ಹೊಸ ಡಬ್ಬಿಗೆ ತುಂಬಿಸಿಕೊಂಡು ಬಂದ. ಟೇಪು ತಿರುಗಿ ಕೊಡೂ ಮುಂದ ಎದಿ ಉಬ್ಬಿಸಿ, "ಮಗ್ಗದ ಸಪ್ಪಳ, ಉಸರಾಡೂ ಸಪ್ಪಳ, ಬಳಿ ಸಪ್ಪಳ, ಎಲ್ಲಾ ಹೊಲಸು ತಗಸೀನಿ. ಈಗ ಹಾಡು ನೀರಿನಂಗ ಐತಿ" ಅಂದ್ನಂತ. ದಾವಲಸಾಬ ಟೇಪು ತಗೊಂಡು ಒಳಗ ಹೋದ.

ಮದಿವಿ ದಿನ ಮುಂಜಾನೆ ಅಂಗಳದಾಗ ಸುರಗಿ ಇಟ್ರು. ಮದುಮಕ್ಕಳು ಕೂತ್ರು. ತುಳಜವ್ವನ್ನ ಚಾಪಿ ಮ್ಯಾಲ ಕುಂದ್ರಿಸಿ ಕೈಯಾಗ ತಂಬಿಗಿ ಕೊಟ್ರು. ಪರಪ್ಪ ಡಬ್ಬಿ ಒತ್ತಿದ. ಹಾಡು ಬಂತು, ಸುಳ್ಳ್ಯಾಕ ಹೇಳ್ಲಿ, ಬಾಳ ಜೋರಾಗಿ ಬಂತು. ಒಂದ ತೂತಿನ್ಯಾಗಿಂದ ಬಂತು. ತುಳಜವ್ವ ಕಿವಿಗೊಟ್ಟು ಕೇಳಿದ್ಲು. ಮಾರಿ ಸಣ್ಣದಾತು.

"ಯಾರವ್ವಾ ಈಕಿ?" ಅಂದ್ಲು. "ತಾನ ಹಾಡಿ ತಾನ ಸೊಲ್ಲು ಹಿಡಿಯಾಕತ್ತಾಳ. ಪಾಪ, ಈಕಿಗೆ ಯಾರೂ ಇಲ್ಲೇನು?"

ತಂಬಿಗಿ ಕೆಳಗಿಟ್ಟುಬಿಟ್ಲು.

ಅಯ್ಯೋ ಶಿವನ! ಇಬ್ಬರ ಕೊಳ್ಳೂ ಒಂದ ಅಲ್ಲೇನ? ಒಂದ ಡಬ್ಬ್ಯಾಗ ಹಾಕಿದ್ರ ಇಬ್ಬರೂ ಕೂಡಿ ಒಬ್ಬಾಕಿ ಆಗಿಬಿಟ್ಟಿದ್ರು. ಅಕ್ಕನೂ ಇಲ್ಲ, ತಂಗಿನೂ ಇಲ್ಲ. ನೆರೆದ ಹೆಂಗಸರು ಸೆರಗು ಬಾಯಿಗೆ ಹಚ್ಚಿಕೊಂಡ್ರು. ಬೀಗರು ಗುಸುಗುಸು ಸುರು ಮಾಡಿದ್ರು, ಅಕ್ಕಿಕಾಳು ಹಾಕೂ ಮುಹೂರ್ತದ ಹೊತ್ತು ಮೀರಿದ್ರ ನಾವು ಎದ್ದು ಹೋಗತೇವಿ ಅಂದ್ರು. ಕಡೀಕ ಅರಿಶಿಣ ಹಚ್ಚಿಕೊಂಡು ಕೂತ ಕಮಲಾಕ್ಷೀನ ಬಾಯಿ ಬಿಟ್ಲು. "ದಾವಲಮಾಮಾನ್ನ ಕರೀರಿ" ಅಂದ್ಲು.

ಕರಿಯಾಕ ಹೋಗೂದ ಬೇಕಾಗಲಿಲ್ಲ ಅಂತಾರ. ದಾವಲಸಾಬ ಕೈಗಾಡಿ ಮ್ಯಾಲ ಸೆಟ್ ಹೇರಿಕೊಂಡು ಓಣಿ ತುದಿಗೆ ಆಗಲೇ ನಿಂತಿದ್ನಂತ. ಯಾರೂ ಕರೀದ ಬರಬಾರದು ಅಂತ ನಿಂತಿದ್ದ. ಪೆಟ್ಟಿಗಿ ಇಳಿಸಿದ್ರು. ಒಂದು ಚಾಪಿಯ ಎಡಕ್ಕ, ಒಂದು ಬಲಕ್ಕ. ಟೇಪು ಏರಿಸಿದ. ಗುಂಡಿ ಹಾಕಿದ. ಕೈ ಎತ್ತಿದ.

"ಕಾಯ್ಲಿ."

ಬುರುಡಿ ಕಾಯಲಿಲ್ಲ. ಒಳಗಿನ ಎಳಿ ಮಬ್ಬಾಗಿ ಮಿಣಮಿಣ ಅಂದು ಅಲ್ಲೇ ನಿಂತ್ತು. ಊರ ಮಗ್ಗೆಲ್ಲಾ ಕರೆಂಟು ಕುಡ್ಯಾಕತ್ತಿದ್ವು, ಬುರುಡಿಗೆ ಏನು ಉಳೀಬೇಕು? ಪರಪ್ಪ, "ಇನ್ನೆಷ್ಟ ಕಾಯೂದೋ ಸಾಬಾ, ಹೊತ್ತು ಹೊಂಟೈತಿ!" ಅಂತ ಒದರಿದ. ದಾವಲಸಾಬ ಅವನ ಕಡೆ ನೋಡಲಿಲ್ಲ. ಓಣಿ ಮಂದಿ ಕಡೆ ನೋಡಿ ಕೈ ಮುಗದು, ಮಗ್ಗ ನಿಂದ್ರಸ್ರಿ ಅಂದ.

ಮಗ್ಗ ನಿಂದ್ರಿಸಬೇಕಂತ! ಹಬ್ಬಕ್ಕೂ ನಿಂದ್ರಸದ ಮಗ್ಗ. ಯಾರೂ ಮಿಸುಕಲಿಲ್ಲ. ಆಮ್ಯಾಲ ಎದುರು ಮನಿ ಮುದುಕ ಒಬ್ಬಾಂವ ಎದ್ದು ಹೋಗಿ ತನ್ನ ಮಗ್ಗ ನಿಂದ್ರಿಸಿದ. ಅದರ ಬಾಜೂ ಮನಿದು ನಿಂತ್ತು. ಆಚೆ ಓಣಿದು ನಿಂತ್ತು. ಕೆಳಗಿನ ಪ್ಯಾಟಿದು ನಿಂತ್ತು. ಖಟಾಕ್ ಖಟಾಕ್ ಅನ್ನೂದು ಕಡಿಮಿ ಆತು, ಕಡಿಮಿ ಆತು, ಒಮ್ಮೆಲೆ ಏನೂ ಇಲ್ಲ. ಮಂದಿಗೆ ಅಂಜಿಕಿ ಬಂತಂತ. ಎಲ್ಲಿಂದೋ ಸಳಸಳ ಅಂತ ಒಂದು ಸಪ್ಪಳ ಕೇಳಿತು. ಇದೇನಿದು, ಇದೇನಿದು ಅಂತ ಒಬ್ಬರ ಮಾರಿ ಒಬ್ಬರು ನೋಡಿಕೊಂಡ್ರು. ಹೊಳಿ! ತಮ್ಮ ಊರ ಹೊಳಿ ಸಪ್ಪಳ, ಹುಟ್ಟಿ ಮುದುಕರಾದವ್ರು ಆವತ್ತ ಮೊದಲ ಸಲ ಕೇಳಿದ್ರು ಅಂತಾರ.

ಬುರುಡಿ ಕೆಂಪಾದ್ವು. ಊರಿಗೆ ಊರ ಕಾದು ನಿಂತಿತು. ಪರಪ್ಪನೂ ನಿಂತ.

ಮೊದಲ ಬಂದದ್ದು ಹಾಡಲ್ಲ, ನಗು. ಎಡಗಡೆಯಿಂದ ನಿಂಬೆವ್ವ ನಕ್ಳು. "ಒಂದ ಹಾಡಿಗೆ ಎರಡ್ಯಾಕೋ ದಾವಲಾ" ಅಂದ್ಲು. ಆಮ್ಯಾಲ ಬಳಿ ಸರಿಸಿಕೊಂಡ ಸಪ್ಪಳ, ಉಸರು ಎಳಕೊಂಡ ಸಪ್ಪಳ, ಹಿಂದ ಎಲ್ಲೋ ಒಂದು ಮಗ್ಗ. ಪರಪ್ಪ ಹೊಲಸು ಅಂತ ತಗಸಿದ್ದೆಲ್ಲಾ ಬಂತು. ಆಮ್ಯಾಲ ಎಡಕ್ಕ ಅಕ್ಕ ಹಾಡು ಎತ್ತಿದ್ಲು.

ತುಳಜವ್ವ ಏನು ಮಾಡಿದ್ಲು ಗೊತ್ತೇನು? ಅಳಲಿಲ್ಲ. ಒದರಲಿಲ್ಲ. ಸೀರಿ ಸೆರಗು ಒಟ್ಟ ಮಾಡಿಕೊಂಡು, ಚಾಪಿ ಮ್ಯಾಲ ಬಲಕ್ಕ ಸರದು ಕೂತ್ಲು. ಅಕ್ಕಗ ಜಾಗಾ ಮಾಡಿಕೊಟ್ಲು.

ಇದನ್ನ ಹೇಳೂ ಮುಂದ ನನಗ ಈಗಲೂ ಮೈ ಜುಂ ಅಂತೈತಿ, ನೋಡ್ರಿ ಕೈ. ಹರೇದ ತುಳಜವ್ವ ಬಲಗಡೆ ಪೆಟ್ಟಿಗ್ಯಾಗ ಸೊಲ್ಲು ಹಿಡದ್ಲು, ಚಾಪಿ ಮ್ಯಾಲಿನ ಮುದುಕಿ ತುಳಜವ್ವನೂ ಒಡಕ ದನಿ ತಗದು ಸೊಲ್ಲು ಹಿಡದ್ಲು. ಹಾಡಿಕೋತ ಎದ್ಲು, ಯಾರೂ ಕೈ ಹಿಡೀದ ನಡದು ಹೋಗಿ ಕಮಲಾಕ್ಷಿ ತಲಿ ಮ್ಯಾಲ ನೀರು ಹಾಕಿದ್ಲು. ತಿರುಗಿ ಬಂದು ತನ್ನ ಜಾಗಾದಾಗ ಕೂತ್ಲು. ಚಾಪಿಯ ಎಡಗಡೆ ಯಾರೋ ಕೂತಂಗ ತಗ್ಗು ಬಿದ್ದಿತ್ತು ಅಂತ ಕೆಲವರು ಅಂತಾರ. ಇರಬಹುದು, ಇರಲಿಕ್ಕಿಲ್ಲ. ನಾ ಜಗಳಾ ಮಾಡಂಗಿಲ್ಲ.

ಹಾಡು ಮುಗೀತು. ದಾವಲಸಾಬ ಗುಂಡಿಗೆ ಕೈ ಹಾಕಿದ. ತುಳಜವ್ವ, "ಆರಸಬ್ಯಾಡೋ ದಾವಲಾ. ಅಕ್ಕ ಇನ್ನಾ ಕೂತಾಳ" ಅಂದ್ಲು. ಅಂವ ಆರಸಲಿಲ್ಲ. ಬೀಗರ ಊಟಾ ಆತು, ಹುಡುಗೀನ ಕಳಿಸಿದ್ದೂ ಆತು, ಬುರುಡಿ ಉರಿಯಾಕತ್ತಿದ್ವು, ಮುದುಕಿ ಸುಮ್ಮನ ಕೂತಿದ್ಲು. ಆವತ್ತು ಹೊತ್ತು ಮುಳುಗೂತನಕ ಊರಾಗ ಒಂದ ಮಗ್ಗೂ ಹಚ್ಚಲಿಲ್ಲ ಅಂತಾರ. ಪೆಟ್ಟಿಗಿ ತಿರುಗಿ ಒಯ್ಯೂ ಮುಂದ ಪರಪ್ಪ ತಾನ ಒಂದು ಬದಿ ಹೆಗಲು ಕೊಟ್ಟ.

ಈಗ ದಾವಲಸಾಬನೂ ಇಲ್ಲ, ತುಳಜವ್ವನೂ ಇಲ್ಲ. ಪೆಟ್ಟಿಗಿ ದರ್ಗಾದಾಗ ಅದಾವ ಅಂತ ಒಬ್ಬರು, ಹೊಳಿ ಏರಿ ಬಂದಾಗ ಹೋದ್ವು ಅಂತ ಒಬ್ಬರು. ಮದಿವಿಗೆ ಹಚ್ಚೂದೆಲ್ಲಾ ಈಗ ಅಂಗೈಯಷ್ಟ ಡಬ್ಬೀನ. ಅದು ಕಾಯಬೇಕಿಲ್ಲ, ಒತ್ತಿದ್ರ ಹಾಡತೈತಿ. ಆದ್ರೂ ಸುರಗಿ ಹೊತ್ತಿಗೆ ಓಣಿ ಮಗ್ಗ ನಿಂದ್ರತಾವಿಲ್ಲ? ಯಾರೋ ಒಬ್ಬರು ಕೈ ಎತ್ತಿ "ಕಾಯ್ಲಿ" ಅಂತಾರಿಲ್ಲ? ಎಲ್ಲಾರೂ ಬಾಯಿ ಮುಚ್ಚಿ, ಹೊಳಿ ಸಪ್ಪಳ ಕೇಳೂತನಕ ನಿಂತು, ಆಮ್ಯಾಲ ಡಬ್ಬಿ ಒತ್ತತಾರಿಲ್ಲ? ಅದು ಇದಕ್ಕ.

ಮತ್ತ ಏ ಚೆನ್ನಿ, ಮೊನ್ನೆ ಮದಿವ್ಯಾಗ ಹಾಡಾವರ ಚಾಪಿ ಎಡಕ್ಕ ಜಾಗಾ ಖಾಲಿ ಐತಿ ಅಂತ ಕೂಡಾಕ ಹೋಗಿದ್ಯಲ್ಲ, ನಾ ರಟ್ಟಿ ಹಿಡಿದು ಎಬ್ಬಿಸಿದ್ದಕ್ಕ ನನ್ನ ಕೂಡ ಎರಡು ದಿನ ಮಾತು ಬಿಟ್ಟಿ. ಇನ್ನೊಮ್ಮೆ ಕೂತಿ ಅಂದ್ರ ಇನ್ನೊಮ್ಮೆ ಎಬ್ಬಿಸ್ತೀನಿ. ಆ ಜಾಗಾ ಖಾಲಿ ಇಲ್ಲವ್ವಾ. ಅಲ್ಲಿ ಅಕ್ಕ ಕೂಡತಾಳ.