ಯಮನೂರ ಕ್ಲಚ್ ಬಿಡಲಿಲ್ಲ

ದ್ಯಾಮವ್ವನಿಗೆ ಒಬ್ಬನೇ ಮಗ. ಹೆಸರು ಯಮನೂರ. ವಯಸ್ಸು ಮೂವತ್ತೆರಡು. ತಲೆ ತುಂಬ ಕೂದಲು, ಒಳಗೆ ಏನಿದೆಯೋ ಹೆತ್ತವ್ವನಿಗೂ ಗೊತ್ತಿಲ್ಲ. ಹೇಳಿದ್ದನ್ನು ಮಾಡುತ್ತಾನೆ. ಹೇಳಿದಷ್ಟೇ ಮಾಡುತ್ತಾನೆ. ಹೇಳಿದ ಹಾಗೆಯೇ ಮಾಡುತ್ತಾನೆ. ಅದೇ ತಾಪತ್ರಯ.

ಓಣಿಯವರು ಅವನಿಗೆ ಕೆಲಸ ಹೇಳುವುದಕ್ಕೆ ಅಂಜಿದರು. ಆಮೇಲೆ ಹೇಳುವುದನ್ನೇ ಬಿಟ್ಟರು. ಆಮೇಲೆ ಮಾತಾಡಿಸುವುದನ್ನೂ ಬಿಟ್ಟರು.

"ನಾ ಇರೂತನಕ ನಾ ಮಾತಾಡಸ್ತೇನಿ. ಆಮ್ಯಾಲೆ ಯಾರಪ್ಪಾ?" ಎಂದು ದ್ಯಾಮವ್ವ ರೊಟ್ಟಿ ಬಡಿಯುತ್ತ ಕೇಳುವಳು.

"ಆಮ್ಯಾಲೂ ನೀನ ಮಾತಾಡಸವ್ವಾ," ಅನ್ನುವನು ಯಮನೂರ.

ಕೊನೆಗೆ ಅವಳು ಊರಾಚೆಯ ಗ್ಯಾರೇಜಿಗೆ ಹೋಗಿ ಮೌಲಾಸಾಬ ಮೇಸ್ತ್ರಿಯ ಮುಂದೆ ಸೆರಗೊಡ್ಡಿದಳು. ಮೇಸ್ತ್ರಿ ಒಳ್ಳೆಯವನು. "ಕಳಸವ್ವಾ, ನೋಡೂಣು," ಅಂದ.

ಆಗ ಗ್ಯಾರೇಜಿನಲ್ಲಿ ಸುಗುಣಾಬಾಯಿಯ ಗಾಡಿ ನಿಂತಿತ್ತು. ಸುಗುಣಾಬಾಯಿ ನರ್ಸ್ ಆಗಿ ನಿವೃತ್ತಿಯಾದವಳು, ಊರಿಗೆಲ್ಲ ಸಿಸ್ಟರ್. ಹಿಂದಿಲ್ಲ ಮುಂದಿಲ್ಲ, ಒಂಟಿ ಜೀವ. ಇದ್ದದ್ದು ಒಂದು ಹಳೇ ಡೀಸೆಲ್ ಕಾರು. ಅದೂ ಈಗ ಶುರುಮಾಡಿದರೆ ಜ್ವರ ಬಂದಂತೆ ನಡುಗುತ್ತಿತ್ತು.

ಮೇಸ್ತ್ರಿ ಗೇರ್‌ಬಾಕ್ಸ್ ಇಳಿಸಿ ಹಿಂದಿನ ದಪ್ಪ ಚಕ್ರವನ್ನು ಬಿಚ್ಚಿ ತೋರಿಸಿದ. "ಇದು ಫ್ಲೈವೀಲ್ ರೀ. ಎರಡು ಹೋಳಿಂದು, ನಡುವ ಸ್ಪ್ರಿಂಗ್. ಸ್ಪ್ರಿಂಗ್ ಸತ್ತಾವು. ಇಂಥಾ ಭಾರದ್ದು ಈ ಹಳೇ ಗಾಡಿಗೆ ಈಗ ಸಿಗಂಗಿಲ್ಲ. ಒಂದೇ ಹೋಳಿನ ಹಗುರಂದು ಹಾಕೂಣು."

"ಏನರೆ ಹಾಕಪಾ. ಸಂಜೀಕ ಕೆರೀತನಕ ಹೋಗಿಬರಾಕ ಇದೊಂದ ಐತಿ ನನಗ," ಅಂದಳು ಸಿಸ್ಟರ್.

ಎರಡು ದಿನಕ್ಕೆ ಹುಬ್ಬಳ್ಳಿ ಬಸ್ಸಿನಲ್ಲಿ ಹೊಸ ಚಕ್ರ ಬಂತು. "ಯಮನೂರ, ಬಸ್‌ಸ್ಟ್ಯಾಂಡಿಗೆ ಹೋಗು. ಹಗುರ ಫ್ಲೈವೀಲ್ ಬಂದೈತಿ, ತಗೊಂಡು ಬಾ."

ಯಮನೂರ ಹೋದ. ಪೆಟ್ಟಿಗೆ ಎತ್ತಿದ. ಕೈ ಜಗ್ಗಿತು. ಅಲ್ಲೇ ಇಟ್ಟು ಬರಿಗೈಲಿ ಬಂದ. "ಅದು ನಮ್ಮದಲ್ಲರೀ. ನೀವು ಹಗುರ ಅಂದಿದ್ರಿ. ಅದು ಭಾರ ಐತಿ."

"ಅಯ್ಯೋ ಹುಂಬಾ, ಹಳೇದರ ಮುಂದ ಹಗುರ ಅಂದೆ! ಯಾವುದನ್ನರ ಹಗುರ ಅನ್ನಬೇಕಾದರ ಹಳೇದರ ಜೋಡಿ ಹೋಲಿಸಿ ನೋಡಬೇಕು."

"ಹೂಂ ರೀ," ಅಂದ ಯಮನೂರ.

ಮರುದಿನ ಹಳೇ ಚಕ್ರವನ್ನು ತಲೆಯ ಮೇಲೆ ಹೊತ್ತು ಬಸ್‌ಸ್ಟ್ಯಾಂಡಿಗೆ ನಡೆದ. ದಾರಿಯಲ್ಲಿ ಜನ ನಿಂತು ನೋಡಿದರು, ನಕ್ಕರು. ಇದೇನೋ ಎಂದು ಒಬ್ಬರೂ ಕೇಳಲಿಲ್ಲ. ಅಲ್ಲಿ ಹೊಸದನ್ನೊಮ್ಮೆ ಎತ್ತಿದ, ಹಳೇದನ್ನೊಮ್ಮೆ ಎತ್ತಿದ. ಹೌದು, ಹೊಸದು ಹಗುರ. ಒಂದನ್ನು ತಲೆಯ ಮೇಲೆ, ಒಂದನ್ನು ಹೆಗಲ ಮೇಲೆ ಹೊತ್ತು ವಾಪಸು ಬಂದ. ಕತ್ತು ಒಂದು ಕಡೆ ವಾಲಿತ್ತು.

ಮೇಸ್ತ್ರಿ ಹಣೆ ಬಡಿದುಕೊಂಡ. "ಬಿಚ್ಚಿದ ಹಳೇ ಸಾಮಾನು ಹೊತ್ತು ತಿರುಗೂದಲ್ಲೋ. ಗುಜರಿಯವ ಬಂದಾಗ ಕೊಟ್ಟು ಬಿಡೂದು."

"ಹೂಂ ರೀ."

ಗುಜರಿಯವ ಬಂದಾಗ ಮೇಸ್ತ್ರಿ ನಮಾಜಿಗೆ ಹೋಗಿದ್ದ. ಯಮನೂರ ಬಿಚ್ಚಿದ್ದನ್ನೆಲ್ಲ ಕೊಟ್ಟ. ಹಳೇ ಚಕ್ರ ಕೊಟ್ಟ. ಸ್ಟಾರ್ಟರ್ ಕೊಟ್ಟ. ಗೇರ್‌ಬಾಕ್ಸನ್ನು ಗಾಡಿಗೆ ಹೇರುವಾಗ ತಾನೂ ಕೈಹಚ್ಚಿದ. ಮೇಸ್ತ್ರಿ ಸೈಕಲ್ ತುಳಿದು ಆ ಗಾಡಿಯನ್ನು ಹಿಡಿಯುವಷ್ಟರಲ್ಲಿ ಅದು ರೈಲ್ವೆ ಗೇಟು ದಾಟಿತ್ತು. ಕೈಯಿಂದ ದುಡ್ಡು ತೆತ್ತು ಗೇರ್‌ಬಾಕ್ಸು, ಸ್ಟಾರ್ಟರು ಬಿಡಿಸಿಕೊಂಡು ಬಂದ.

ಈ ಸಲ ಮೇಸ್ತ್ರಿ ಬೈಯಲಿಲ್ಲ. ಕುಳಿತು ನೀರು ಕುಡಿದ. "ಇನ್ನೊಂದು ಸಲ ಹಿಂಗಾದರ ನಾಳಿಂದ ಬರಬ್ಯಾಡ. ನಾ ಹೇಳೂತನಕ ಹಿಡಿದದ್ದನ್ನ ಬಿಡಬಾರದು, ತಿಳೀತಾ?"

ಅಂದು ಮನೆಯಲ್ಲಿ ಯಮನೂರ ಉಣ್ಣಲಿಲ್ಲ. "ಅವ್ವಾ, ಮೇಸ್ತ್ರಿ ನನ್ನ ಹೆಸರು ಹಿಡಿದು ಕರೀತಾರ," ಅಂದ. ದ್ಯಾಮವ್ವ ಆ ಕಡೆ ತಿರುಗಿ ಕಣ್ಣೊರೆಸಿಕೊಂಡಳು. "ಹಂಗಾರ ಅವರು ಹೇಳಿದಂಗ ಮಾಡಪಾ."

ಎರಡನೇ ದಿನ ಗಾಡಿ ತಯಾರಾಯಿತು. ಸಿಸ್ಟರ್ ಬಂದಳು. ಇಂಜಿನ್ ಶುರುವಾದರೆ ನಡುಕವಿಲ್ಲ, ಆದರೆ ನಿಂತಲ್ಲೇ ಗಡಗಡ ಸದ್ದು.

"ಹಗುರ ಚಕ್ರಕ್ಕ ಇಷ್ಟು ಸದ್ದು ಇರೂದರೀ. ಕ್ಲಚ್ ಒತ್ತಿದರ ಸುಮ್ಮನಾಗತೈತಿ. ಯಮನೂರ, ಕ್ಲಚ್ ಒತ್ತಿ ಹಿಡಿ."

ಯಮನೂರ ಡ್ರೈವರ್ ಸೀಟಿನಲ್ಲಿ ಕುಳಿತು ಕಾಲಿನಿಂದ ಒತ್ತಿದ. ಗಡಗಡ ನಿಂತಿತು, ಇಂಜಿನ್ ಓಡುತ್ತಲೇ ಇತ್ತು. ಅಷ್ಟರಲ್ಲಿ ಫೋನ್ ಬಂತು: ಕೊಪ್ಪಳ ದಾರಿಯಲ್ಲಿ ಲಾರಿಯೊಂದು ಅಡ್ಡ ನಿಂತಿದೆ. ಮೇಸ್ತ್ರಿ ಬೈಕ್ ಹತ್ತಿ ಹೋಗೇಬಿಟ್ಟ.

"ಇಳಿ ತಮ್ಮಾ, ನಾ ಹೊಡಕೊಂಡು ಹೋಗತೇನಿ," ಅಂದಳು ಸಿಸ್ಟರ್.

"ಮೇಸ್ತ್ರಿ ಬಿಡು ಅಂದಿಲ್ಲರೀ."

ಹೇಳಿ ನೋಡಿದಳು. ಗದರಿ ನೋಡಿದಳು. ಅವನ ಕಾಲು ನಡುಗುತ್ತಿತ್ತು, ಬಿಡಲಿಲ್ಲ. ಸಾಕಾಗಿ ಇನ್ನೊಂದು ಕಡೆಯ ಬಾಗಿಲು ತೆಗೆದು ಪಕ್ಕದಲ್ಲಿ ಕುಳಿತಳು.

"ದಿನಾ ಕೆರೀಗೆ ಯಾಕ ಹೋಗ್ತೀರಿ?" ಯಮನೂರ ಕೇಳಿದ.

"ಮನ್ಯಾಗ ಕುಂತರ ಗ್ವಾಡಿ ನೋಡಬೇಕು. ಅಲ್ಲಿ ನೀರು ನೋಡಬಹುದು."

"ನೀರು ಮಾತಾಡತೈತೇನ್ರಿ?"

"ಇಲ್ಲಪಾ."

"ನಮ್ಮ ಓಣ್ಯಾಗೂ ಯಾರೂ ಮಾತಾಡಂಗಿಲ್ಲರೀ," ಅಂದ ಯಮನೂರ.

ಸಿಸ್ಟರ್ ಅವನನ್ನು ಮೊದಲ ಸಲ ತಿರುಗಿ ನೋಡಿದಳು. ಆಮೇಲೆ ಮಾತಾಡಿದಳು. ತಾನು ಹೆರಿಗೆ ಮಾಡಿಸಿದ ಕೂಸುಗಳ ಕತೆ ಹೇಳಿದಳು, ಅವನು ಕೇಳಿದ. ಡೀಸೆಲ್ ತೀರಿ ಇಂಜಿನ್ ತಾನಾಗಿ ನಿಂತದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಹೊತ್ತು ಮುಳುಗುವಾಗ ಮಗನನ್ನು ಹುಡುಕುತ್ತ ದ್ಯಾಮವ್ವ ಬಂದಳು. ಸಿಸ್ಟರ್ ಹಿಂದಿನ ಬಾಗಿಲು ತೆಗೆದು ಕೂರಿಸಿದಳು. ಅಷ್ಟೊತ್ತಿಗೆ ಮೇಸ್ತ್ರಿಯೂ ಬಂದ, ಇನ್ನೂ ಕ್ಲಚ್ ಒತ್ತಿ ಹಿಡಿದ ಕಾಲನ್ನು ನೋಡಿದ.

"ಬಿಡೋ ಮಾರಾಯಾ. ಮನಿಗೆ ನಡಿ. ನಾಳೆ ಹೊತ್ತಿಗೆ ಸರಿಯಾಗಿ ಬಾ."

ಯಮನೂರ ಕಾಲು ತೆಗೆದ, ಇಳಿದ, ಕುಂಟುತ್ತ ಮನೆಯ ದಾರಿ ಹಿಡಿದ. ಅವ್ವ ಹಿಂದಿನ ಸೀಟಿನಲ್ಲೇ ಉಳಿದಳು.

ಮೇಸ್ತ್ರಿ ಡಬ್ಬಿಯಲ್ಲಿದ್ದ ಡೀಸೆಲ್ ಸುರಿದು, ಕೈಪಂಪು ಒತ್ತಿ ಅದನ್ನು ಇಂಜಿನ್‌ತನಕ ಏರಿಸಿ, ಗಾಡಿ ಶುರುಮಾಡಿಕೊಟ್ಟ. ಸಿಸ್ಟರ್ ಗಾಡಿ ಹೊರಡಿಸಿ ಅವನನ್ನು ಹಿಡಿದಳು. "ಹತ್ತು ಯಮನೂರ, ಮನೀತನಕ ಬಿಡತೇನಿ."

"ಇಲ್ಲರೀ. ಮೇಸ್ತ್ರಿ ನಡಿ ಅಂದಾರ."

"ಹತ್ತಪಾ, ಕಾಲು ನೋವಾಗ್ಯಾವು," ಅಂದಳು ದ್ಯಾಮವ್ವ ಕಿಟಕಿಯಿಂದ.

"ನಡಿ ಅಂದಾರವ್ವಾ."

ನಡೆದ. ಸಿಸ್ಟರ್ ಮುಂದೆ ಹೋಗಲಿಲ್ಲ. ಮೊದಲ ಗೇರಿನಲ್ಲಿ, ಅವನ ಹೆಜ್ಜೆಗೆ ಹೆಜ್ಜೆ ಕೂಡಿಸಿ, ಗಡಗಡ ಅನ್ನುವ ಗಾಡಿಯನ್ನು ಪಕ್ಕದಲ್ಲೇ ನಡೆಸಿದಳು. ಇಡೀ ಓಣಿ ಬಾಗಿಲಿಗೆ ಬಂದು ನೋಡಿತು: ಯಮನೂರ ಕುಂಟುತ್ತ ನಡೆಯುತ್ತಿದ್ದಾನೆ, ಅವನ ಅವ್ವ ಕಾರಿನಲ್ಲಿ ಕುಳಿತು ಬರುತ್ತಿದ್ದಾಳೆ, ಮೂವರೂ ಮಾತಾಡುತ್ತಿದ್ದಾರೆ.