ಅಕ್ಕನ ದೀಪ, ತಂಗಿಯ ದೀಪ

"ಕೇಳಿರಿ, ಎಲ್ಲರೂ ಕೇಳಿರಿ! ಪೊಲಿಮೋನ ಮಹಾರಾಜರ ಅಪ್ಪಣೆ! ರಾಜಕುಮಾರಿ ಬೆರೆನಿಕೆಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವನಿಗೆ ರಾಜಕುಮಾರಿಯ ಕೈ, ಮೇಲೊಂದು ಬೇಡಿದ ವರ. ತಪ್ಪಿದವನ ತಲೆ ಸುಗ್ಗಿಯ ಮಾರನೆಯ ದಿನ ಹಾರುತ್ತದೆ. ಯಾರೂ ಬಿಡಿಸದೆ ಹೋದರೆ ಬೆಟ್ಟದ ಗವಿಗೂ ಬೀಗ, ಕ್ರಿಸ್ತನವರ ಮನೆಗೂ ಬೀಗ!"

ಮೆರೋಪೆ ಪಟ್ಟಣದ ಬಂದರಿನಲ್ಲಿ ಡಂಗುರದವನು ಹೀಗೆ ಸಾರಿದಾಗ ಲೀನೋ ಕತ್ತೆಯ ಮೇಲೆ ಉಪ್ಪಿನ ಮೂಟೆ ಹೇರುತ್ತಿದ್ದ. ಕೈಲಿದ್ದ ಹಗ್ಗ ಅಲ್ಲೇ ಬಿಟ್ಟು ನಿಂತುಬಿಟ್ಟ.

ಆ ಊರಿನ ಜಗಳ ದಿನನಿತ್ಯದ್ದು. ಬೆಟ್ಟದ ಗವಿ ಪೈರಿನ ತಾಯಿಯದು. ಆಕೆಯ ಮಗಳು ವರ್ಷಕ್ಕೊಮ್ಮೆ ಪಾತಾಳಕ್ಕೆ ಇಳಿದು ವಸಂತಕ್ಕೆ ಮರಳುತ್ತಾಳೆ. ಅಲ್ಲಿ ದೀಕ್ಷೆ ಪಡೆದವರು ಕಂಡದ್ದನ್ನು ಸಾಯುವವರೆಗೆ ಬಾಯಿಬಿಡುವಂತಿಲ್ಲ. ಬಂದರಿನ ಹಿಂದಿನ ಮನೆ ಕ್ರಿಸ್ತನವರದು, ನಿನ್ನೆ ಮೊನ್ನೆ ಬಂದದ್ದು. ಎರಡೂ ಕಡೆ ಹೊಸಬರಿಗೆ ನೀರಿನ ಸ್ನಾನ, ಎರಡೂ ಕಡೆ ದೀಪ, ಎರಡೂ ಕಡೆ ಒಟ್ಟಿಗೆ ಕೂತು ಊಟ. "ನಮ್ಮದನ್ನು ಕದ್ದರು" ಎಂದು ಗವಿಯವರು, "ನಮ್ಮನ್ನು ಅಣಕಿಸಿದರು" ಎಂದು ಕ್ರಿಸ್ತನವರು. ಬಾಯಿ ಸೋತಾಗ ಕಲ್ಲು. ಅರಸನಿಗೆ ಸಾಕಾಗಿಹೋಗಿತ್ತು.

ಲೀನೋನ ಮನೆಯಲ್ಲಿ ಅಜ್ಜಿ ಗವಿಯವಳು, ಅವ್ವ ಕ್ರಿಸ್ತನವಳು, ಒಲೆ ಮಾತ್ರ ಒಂದೇ. ಅಜ್ಜಿಯೇ ಅವನಿಗೆ ಗವಿಯ ದೀಕ್ಷೆ ಕೊಡಿಸಿದ್ದಳು.

"ಉಪ್ಪು ಮಾರೋನಿಗೆ ರಾಜಕುಮಾರಿ ಯಾಕೋ ಕೂಸೇ?" ಅಜ್ಜಿ ಗದರಿದಳು.

"ರಾಜಕುಮಾರಿ ಯಾರಿಗೆ ಬೇಕು ಅಜ್ಜಿ? ಗವಿಗೆ ಬೀಗ ಬಿದ್ರೆ ನೀನು ಉಣ್ಣಲ್ಲ. ಆ ಮನೆಗೆ ಬಿದ್ರೆ ಅವ್ವ ಉಣ್ಣಲ್ಲ. ನಾನೊಬ್ಬನೇ ಏನು ಉಣ್ಲಿ?"

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಅವ್ವ ಅವನ ತಲೆ ಸವರಿ, "ಹೋಗಿ ಬಾ ಮಗಾ," ಎಂದಳು. ಅಜ್ಜಿ ಬುತ್ತಿ ಕಟ್ಟಿಕೊಟ್ಟಳು.

ಅರಮನೆಯಲ್ಲಿ ಅವನಿಗಿಂತ ಮೊದಲೇ ಇಬ್ಬರು ನಿಂತಿದ್ದರು. ಒಬ್ಬ ಗವಿಯ ಹಿರಿಯ ಪೂಜಾರಿಯ ಮಗ ಕಲ್ಲಿಯ, ಇನ್ನೊಬ್ಬ ಕ್ರಿಸ್ತನವರ ಬೋಧಕನ ಶಿಷ್ಯ ತೆಯೋಫಿಲ. ಲೀನೋನ ಕಾಲಿನ ಉಪ್ಪು ನೆಲಕ್ಕೆ ಉದುರುವುದನ್ನು ಕಂಡು ಇಬ್ಬರೂ ಮೂಗು ಮುರಿದರು. ಆ ಒಂದು ವಿಷಯದಲ್ಲಿ ಅವರಿಗೆ ಜಗಳವಿರಲಿಲ್ಲ.

ರಾಜಕುಮಾರಿ ಕೇಳಿದಳು: "ಎರಡು ಮನೆಯವರೂ ನಮ್ಮದು ಅನ್ನುತ್ತಾರೆ, ಇಬ್ಬರೂ ಮಾಡಿದ್ದಲ್ಲ. ಅದರಲ್ಲಿ ಮುಳುಗಿದವನು ಬೇರೆಯವನಾಗಿ ಏಳುತ್ತಾನೆ. ಏನದು?"

"ನೀರು," ಎಂದರು ಮೂವರೂ.

"ಹೂತವರು ನಗುತ್ತಾ ಕಾಯುತ್ತಾರೆ. ಹೂಳದೆ ಬಚ್ಚಿಟ್ಟವರು ಮುಂದಿನ ವರ್ಷ ಹಸಿಯುತ್ತಾರೆ. ಏನದು?"

"ಬಿತ್ತನೆಯ ಕಾಳು," ಎಂದರು ಮೂವರೂ. ಕಲ್ಲಿಯ ಆಗಲೇ ಮದುಮಗನ ಹಾಗೆ ಎದೆಯುಬ್ಬಿಸಿದ.

"ಇನ್ನು ಮೂರನೆಯದು. ಅಕ್ಕನ ಮನೆಯಲ್ಲಿ ದೀಪ, ನೀರು, ರೊಟ್ಟಿ. ತಂಗಿಯ ಮನೆಯಲ್ಲೂ ದೀಪ, ನೀರು, ರೊಟ್ಟಿ. ಅಕ್ಕನ ಮನೆಯಿಂದ ಒಂದೂ ಕಳೆದಿಲ್ಲ, ಆದರೂ ಊರೆಲ್ಲ ಕಳ್ಳತನ ಅನ್ನುತ್ತದೆ. ಕಳ್ಳರು ಯಾರು? ಅಕ್ಕನ ಮನೆಯಲ್ಲಿ ಇಲ್ಲದ್ದು ತಂಗಿಯ ಮನೆಯಲ್ಲಿ ಏನಿದೆ?"

ಕಲ್ಲಿಯ ಮುನ್ನುಗ್ಗಿದ. "ತಂಗಿಯೇ ಕಳ್ಳಿ! ನಮ್ಮಲ್ಲಿ ಇಲ್ಲದ್ದು ಅಲ್ಲೇನೂ ಇಲ್ಲ. ಬೇಕಾದರೆ ಗವಿಯಲ್ಲಿ ಕೊನೆಗೆ ತೋರಿಸುವುದನ್ನು ಇಲ್ಲೇ ಹೇಳುತ್ತೇನೆ, ತಾಳೆ ನೋಡಿ..."

"ಅವನ ಬಾಯಿ ಮುಚ್ಚಿಸಿ!" ಎಂದು ರಾಜಕುಮಾರಿ ಕಿರುಚಿದಳು. ಅವಳ ಮುಖ ಬಿಳುಚಿಕೊಂಡಿತ್ತು. ಭಟರು ಅವನನ್ನು ಎಳೆದೊಯ್ದರು. ಅವಳಿಗೆ ಅಷ್ಟು ಸಿಟ್ಟು ಏಕೆ ಬಂತೆಂದು ಸಭೆಗೆ ತಿಳಿಯಲಿಲ್ಲ.

ತೆಯೋಫಿಲ ಗಂಟಲು ಸರಿಮಾಡಿಕೊಂಡ. "ಅಕ್ಕನೇ ಕಳ್ಳಿ. ನಮ್ಮ ಸ್ವಾಮಿ ಬರುವುದು ಸೈತಾನನಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ಮುಂಚಿತವಾಗಿ ನಕಲು ಮಾಡಿಸಿದ. ತಂಗಿಯ ಬಳಿ ಇರುವುದು ಸತ್ಯ, ಅಕ್ಕನ ಬಳಿ ಬರೀ ಸುಳ್ಳು."

"ತಂಗಿ ಹುಟ್ಟುವ ಮೊದಲೇ ಅಕ್ಕ ಅವಳ ಮನೆಗೆ ಕನ್ನ ಹಾಕಿದಳೇ? ಕೂಸು ಹುಟ್ಟುವ ಮುಂಚೆ ಕುಲಾವಿ ಅಂದರೆ ಇದೇ," ಎಂದಳು ರಾಜಕುಮಾರಿ. ಸಭೆ ಗೊಳ್ಳೆಂದಿತು. ಅವನನ್ನೂ ಸೆರೆಮನೆಗೆ ಕರೆದೊಯ್ದರು.

ಉಳಿದವನು ಲೀನೋ ಒಬ್ಬನೇ. ರಾಜಕುಮಾರಿ ಅವನನ್ನು ದಿಟ್ಟಿಸಿ ನೋಡಿದಳು.

"ನೀನು ಗವಿಯಲ್ಲಿ ದೀಕ್ಷೆ ಪಡೆದವನಂತೆ. ಅಲ್ಲಿ ಕೊನೆಗೆ ತೋರಿಸುವುದೇನು? ಮೊದಲು ಅದನ್ನು ಹೇಳು. ಹೇಳದಿದ್ದರೆ ತಲೆ ಹೋಗುತ್ತದೆ."

ಹೇಳಿದರೆ ಅಜ್ಜಿಯ ಮುಖ ನೋಡುವ ಹಾಗಿಲ್ಲ, ಹೇಳದಿದ್ದರೆ ಯಾರ ಮುಖವನ್ನೂ ನೋಡುವ ಹಾಗಿಲ್ಲ. ಆದರೂ ಲೀನೋ ತಲೆಯೆತ್ತಿದ.

"ಹೇಳಾಕಿಲ್ಲ ತಾಯಿ. ತಲೆ ನಂದು, ತಗೊಳ್ಳಿ. ಗುಟ್ಟು ಅಜ್ಜೀದು. ಆದ್ರೆ ನಿಮ್ಮ ಒಗಟಿಗೆ ಉತ್ತರಾನೂ ಅದರಾಗೇ ಐತೆ."

"ಹೇಗೆ?"

"ಕಳ್ಳರು ಯಾರೂ ಇಲ್ಲ. ಪಕ್ಕದ ಮನೆ ಒಲೆಯಿಂದ ಕೆಂಡ ತಂದ್ರೆ ಆ ಒಲೆ ಆರ್ತದಾ? ಅಕ್ಕನ್ನ ನೋಡಿ ತಂಗಿ ದೀಪ ಹಚ್ಚಿರಬೋದು. ಈಗೀಗ ತಂಗೀನ ನೋಡಿ ಅಕ್ಕಾನೂ ಒಂದೆರಡು ಕಲ್ತಿರಬೋದು. ಎಷ್ಟು ಅಂತ ಅಳೆಯೋರು ಯಾರು? ಅಕ್ಕನ ಮನೇಲಿ ಕಂಡೋರು ಹೇಳಾಕಿಲ್ಲ, ಹೇಳೋರು ಕಂಡಿಲ್ಲ. ಇನ್ನು ತಂಗಿ ಮನೇಲಿ ಮಾತ್ರ ಇರೋದು ಬಾಯಿಬಿಟ್ಟು ಸಾರೋ ಸುದ್ದಿ. ನಮ್ಮವ್ವ ಬಾವಿಕಟ್ಟೇಲೂ ಸಾರ್ತಾಳೆ. ಸತ್ತೋನು ಬಡಗಿ ಮಗ, ಅವನಿಗೊಂದು ಊರಿತ್ತು, ಅಳ್ತಾ ನಿಂತ ತಾಯಿ ಇದ್ಲು, ಕೊಲ್ಲಿಸಿದ ಅಧಿಕಾರಿ ಹೆಸರೂ ಐತೆ, ಅಂತ. ಗವಿ ತಾಯಿ ಮಗಳು ವರ್ಷಾ ವರ್ಷಾ ಪಾತಾಳಕ್ಕೆ ಹೋಗಿ ಬರ್ತಾಳೆ. ಇವನು ಒಂದೇ ಸಲ ಹೋಗಿ ಬಂದ ಅಂತಾರೆ. ನಂಬೋದು ಬಿಡೋದು ಅವರವರಿಗೆ ಬಿಟ್ಟದ್ದು. ಅಜ್ಜಿ ಕೈಲಿ ಹೇಳೋಕಾಗಲ್ಲ, ಅವ್ವನ ಕೈಲಿ ಹೇಳ್ದೆ ಇರೋಕಾಗಲ್ಲ. ಆ ಮೌನಾನೂ ನಂದೇ, ಈ ಮಾತೂ ನಂದೇ. ಎರಡಕ್ಕೂ ನಾನು ನಾಚಾಕಿಲ್ಲ."

ರಾಜಕುಮಾರಿ ಎದ್ದು ನಿಂತಳು. ಕಣ್ಣು ತುಂಬಿತ್ತು.

"ನಮ್ಮಮ್ಮನೂ ಗವಿಯವಳು. ಸಾಯುವಾಗ, ಅಲ್ಲಿ ಏನು ಕಂಡೆಯಮ್ಮಾ ಎಂದು ಕೇಳಿದೆ. ನಕ್ಕು ತುಟಿಯ ಮೇಲೆ ಬೆರಳಿಟ್ಟಳು. ಗೆಲ್ಲುವುದಕ್ಕಾಗಿ ಅವಳ ಗುಟ್ಟನ್ನು ಮಾರದವನು ಒಬ್ಬನಾದರೂ ಇದ್ದಾನೆಯೇ ಎಂದು ನೋಡಬೇಕಿತ್ತು. ಉತ್ತರ ಸರಿ, ಮೂರೂ ಸರಿ."

ಲೀನೋ ಬೇಡಿದ ವರ ಎಲ್ಲರಿಗೂ ಗೊತ್ತಿದ್ದದ್ದೇ. ಎರಡು ಬಾಗಿಲೂ ತೆರೆದೇ ಇರಲಿ, ಆ ಇಬ್ಬರ ತಲೆಯೂ ಉಳಿಯಲಿ. ಅರಸ ಒಪ್ಪಿದ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರಲ್ಲ, ಈ ಹುಡುಗ ಎರಡನ್ನೂ ಬಲ್ಲವನು ಎಂದು ಊರು ಹೆಮ್ಮೆಪಟ್ಟಿತು.

ಮದುವೆಯ ದಿನ ಅಜ್ಜಿ ಒಂದು ದೀಪ ತಂದಳು, ಅವ್ವ ಇನ್ನೊಂದು ತಂದಳು. ಯಾರದು ಮೊದಲು ಎಂದು ಬಾಗಿಲಲ್ಲೇ ಅತ್ತೆ ಸೊಸೆಗೆ ಮಾತು ಹತ್ತಿತು. ಬಂದರಿನ ಗಾಳಿ ಬೀಸಿ ಒಂದು ಆರಿತು, ಇನ್ನೊಂದರಿಂದ ಹಚ್ಚಿಕೊಂಡರು. ಆರಿದ್ದು ಯಾರದೆಂದು ಇಬ್ಬರೂ ಇವತ್ತಿನವರೆಗೆ ಹೇಳಿಲ್ಲ.

ಆಚೆ ಹಾಡು ನಡೆಯುತ್ತಿದ್ದಾಗ ಬೆರೆನಿಕೆ ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು: "ಈಗ ನಾನು ಹೊರಗಿನವಳಲ್ಲ. ಈಗಲಾದರೂ ಹೇಳು, ಗವಿಯಲ್ಲಿ ಏನಿದೆ?"

ಲೀನೋ ನಕ್ಕು ತುಟಿಯ ಮೇಲೆ ಬೆರಳಿಟ್ಟ.